ಪೇಟಿಯ ಬೆಲೆ ಇರುವುದು ಎಲ್ಲಿ?

(ಕೊಪ್ಪಳದಲ್ಲಿ ಭಜನಾ ಮಂಡಳಿಗಳವರು ಹಾಗೂ ಸಂಗೀತ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ದೊಡ್ಡ ಊರುಗಳ ವಾದ್ಯದ ಅಂಗಡಿಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲು ಬಂದ ಹುಡುಗರು ಕೇಳುವ ಪ್ರಶ್ನೆ ಒಂದಿದೆ. ಒಂದೇ ಆಕಾರದ, ಒಂದೇ ಬಣ್ಣದ, ಆರಾರು ತಂತಿಯ ಎರಡು ಗಿಟಾರುಗಳು ಗೋಡೆಗೆ ತೂಗುತ್ತಿರುತ್ತವೆ. ಒಂದು ಚೀನಾದಲ್ಲೋ ಇಂಡೊನೇಷ್ಯಾದಲ್ಲೋ ತಯಾರಾದದ್ದು, ಇನ್ನೊಂದು ಅಮೆರಿಕದ್ದು. ಬೆಲೆಯಲ್ಲಿ ಮಾತ್ರ ಹಲವು ಪಟ್ಟು ಅಂತರ. ಹೆಚ್ಚಿಗೆ ಕೊಟ್ಟ ಹಣ ಎಲ್ಲಿ ಹೋಗಿ ಕೂತಿದೆ ಎಂಬುದೇ ಆ ಪ್ರಶ್ನೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ನಮಗೆ ಈ ಪ್ರಶ್ನೆ ಹೊಸದಲ್ಲ. ಗಿಟಾರಿನ ಜಾಗದಲ್ಲಿ ಪೇಟಿಯನ್ನು ಇಟ್ಟು ನೋಡಿ. ಶ್ರಾವಣದ ಭಜನೆಗೆಂದು ಊರವರು ಪಟ್ಟಿ ಹಾಕಿ ಹಣ ಕೂಡಿಸುತ್ತಾರೆ. ಹತ್ತು ಸಾವಿರ ರೂಪಾಯಿಯ ಆಸುಪಾಸಿಗೂ ಪೇಟಿ ಸಿಗುತ್ತದೆ, ಲಕ್ಷ ದಾಟುವ ಪೇಟಿಯೂ ಇದೆ. ಅಂಗಡಿಯವನು ಒಂದಕ್ಕೆ ದಿಲ್ಲಿ ರೀಡು, ಇನ್ನೊಂದಕ್ಕೆ ಪಾಲಿಟಾಣ ರೀಡು, ಮತ್ತೊಂದಕ್ಕೆ ಜರ್ಮನ್ ರೀಡು ಎನ್ನುತ್ತಾನೆ. ಊರಿನ ಹಿರಿಯರು ಪೇಟಿ ಮಾಸ್ತರರ ಮುಖ ನೋಡುತ್ತಾರೆ. ಮಾಸ್ತರರು ಏನು ಹೇಳಬೇಕು? ಇಂದಿನ ನನ್ನ ಮಾತು ಇದೊಂದರ ಸುತ್ತ.

ಗಿಟಾರಿನ ಕಥೆಯಿಂದ ನಾವು ಕಲಿಯಬಹುದಾದದ್ದು ಇದೆ. ಅದನ್ನು ಮೊದಲು ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾದ ಫೆಂಡರ್ ಕಂಪನಿ 1954ರಲ್ಲಿ ಸ್ಟ್ರಾಟೊಕಾಸ್ಟರ್ ಎಂಬ ಗಿಟಾರನ್ನು ಹೊರತಂದಿತು. 1970ರ ದಶಕದಲ್ಲಿ ಜಪಾನಿನ ಕಾರ್ಖಾನೆಗಳು ಅದರ ನಕಲುಗಳನ್ನು ಕಡಿಮೆ ಬೆಲೆಗೆ, ಅದೂ ಒಪ್ಪವಾಗಿ, ಮಾಡತೊಡಗಿದವು. ಪೈಪೋಟಿ ತಾಳಲಾರದೆ ಫೆಂಡರ್ ಕಂಪನಿಯೇ 1982ರಲ್ಲಿ ಜಪಾನಿನವರ ಜೊತೆಗೂಡಿ ಅಲ್ಲಿ ಗಿಟಾರ್ ಮಾಡಿಸಲು ಶುರುಮಾಡಿತು. ಅಗ್ಗದವುಗಳಿಗೆ ಸ್ಕ್ವಾಯರ್ ಎಂದು ಹೆಸರಿಟ್ಟಿತು. ಮುಂದೆ ಆ ಕೆಲಸ ಕೊರಿಯಾ, ಚೀನಾ, ಇಂಡೊನೇಷ್ಯಾಗಳಿಗೂ ಹೋಯಿತು. ತಮಾಷೆಯೆಂದರೆ, ಅಂದು ಅಗ್ಗದ ಮಾಲು ಎನಿಸಿದ್ದ ಮೊದಲ ವರ್ಷಗಳ ಜಪಾನಿ ಗಿಟಾರುಗಳನ್ನು ಇಂದು ಸಂಗ್ರಾಹಕರು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ನಮ್ಮ ಪಶ್ಚಿಮ ಘಟ್ಟಗಳಲ್ಲೂ ಬೆಳೆಯುವ ಬೀಟೆ ಮರವಾದರೋ ಅಮೆರಿಕದ ಎಷ್ಟೋ ದುಬಾರಿ ಗಿಟಾರುಗಳಲ್ಲಿ ಬೆರಳು ಒತ್ತುವ ಹಲಗೆಯಾಗಿ ಕೂತಿದೆ. ಹಾಗಿದ್ದಮೇಲೆ ಯಾವುದು ಯಾವ ದೇಶದ್ದು?

ಬಲ್ಲವರು ಹೇಳುವ ಮಾತು ಇಷ್ಟು. ಬೆಲೆಯ ಅಂತರದಲ್ಲಿ ದೊಡ್ಡ ಪಾಲು ಆಯಾ ದೇಶದ ಕೂಲಿಯ ಅಂತರ. ಉಳಿದ ಪಾಲು ಲೋಹದ ಬಿಡಿಭಾಗಗಳಿಗೂ ಕೊನೆಯ ಕೈಕೆಲಸಕ್ಕೂ ಸೇರಿದ್ದು. ವೀಣೆಯ ಮೆಟ್ಟಿಲುಗಳಂತೆ ಗಿಟಾರಿನ ಕುತ್ತಿಗೆಯ ಮೇಲೂ ಲೋಹದ ಮೆಟ್ಟಿಲುಗಳಿವೆ. ಅವುಗಳ ಮಟ್ಟ ಸರಿಯಿಲ್ಲದಿದ್ದರೆ ತಂತಿ ಜುಂಯ್‌ಗುಡುತ್ತದೆ. ಅಗ್ಗದ ಗಿಟಾರನ್ನು ಒಬ್ಬ ನುರಿತ ಕುಶಲಕರ್ಮಿಯ ಕೈಗೆ ಕೊಟ್ಟು ಆ ಮಟ್ಟ ಸರಿಪಡಿಸಿದರೆ ಅದು ಕಲಿಯುವವನ ಕೈಯಲ್ಲಿ ವರ್ಷಗಟ್ಟಲೆ ದುಡಿಯುತ್ತದೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಪೇಟಿಗೆ ಬರೋಣ.

ಪೇಟಿಯೂ ಒಮ್ಮೆ ಆಮದು ಮಾಲೇ ಆಗಿತ್ತು. ಗಾಳಿಗೆ ನಡುಗುವ ಲೋಹದ ನಾಲಿಗೆಯಿಂದ ಸ್ವರ ಹುಟ್ಟಿಸುವ ಉಪಾಯ ಚೀನಾದ ಶೆಂಗ್ ಎಂಬ ಬಾಯಿಂದ ನುಡಿಸುವ ವಾದ್ಯದಲ್ಲಿ ಬಹು ಪುರಾತನ ಕಾಲದಿಂದ ಇತ್ತು. ಅದು ಯುರೋಪಿಗೆ ಹೋಗಿ, 1840ರ ದಶಕದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆನ್ ಎಂಬಾತನ ಕೈಯಲ್ಲಿ ಹಾರ್ಮೋನಿಯಂ ಎಂಬ ಹೆಸರು ಪಡೆಯಿತು. ಅದು ಕುರ್ಚಿಯ ಮೇಲೆ ಕೂತು, ಕಾಲಿನಿಂದ ಗಾಳಿ ಒತ್ತಿ, ಎರಡೂ ಕೈಯಿಂದ ನುಡಿಸುವ ದೊಡ್ಡ ಮರದ ಸಾಮಾನು. ಪಾದ್ರಿಗಳ ಜೊತೆಗೆ, ಸಾಹೇಬರ ಜೊತೆಗೆ ಭಾರತಕ್ಕೆ ಬಂತು. ಕೋಲ್ಕತ್ತದಲ್ಲಿ 1875ರಲ್ಲಿ ದ್ವಾರಕಿನ್ ವಾದ್ಯದ ಅಂಗಡಿಯನ್ನು ತೆರೆದ ದ್ವಾರಕಾನಾಥ ಘೋಷರು ಮುಂದೆ ಅದನ್ನು ನಮ್ಮ ಕೂರುವ ರೀತಿಗೆ ಒಗ್ಗಿಸಿದರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಎಡಗೈಯಿಂದ ತಿದಿ ಒತ್ತಿ, ಬಲಗೈಯಿಂದ ನುಡಿಸುವ ಈ ಚಿಕ್ಕ ಪೆಟ್ಟಿಗೆ ಹೀಗೆ ನಮ್ಮದಾಯಿತು. ನಮ್ಮ ಕಡೆಯವರು ಅದನ್ನು ಹಾರ್ಮೋನಿಯಂ ಎಂದು ಕರೆಯುವ ಗೋಜಿಗೇ ಹೋಗಲಿಲ್ಲ. ಪೆಟ್ಟಿಗೆಯಂತೆ ಕಂಡಿತು, ಪೇಟಿ ಎಂದರು.

ನಮ್ಮ ಸೀಮೆ ಅಂದು ನಿಜಾಮರ ಆಳ್ವಿಕೆಯಲ್ಲಿತ್ತು. ಪಕ್ಕದ ಗದಗ ಮುಂಬಯಿ ಪ್ರಾಂತದಲ್ಲಿತ್ತು. 19ನೇ ಶತಮಾನದ ಕೊನೆಯ ಭಾಗದಲ್ಲಿ ಗದಗ–ಹೊಸಪೇಟೆ ರೈಲುದಾರಿ ಕೊಪ್ಪಳದ ಮೇಲೆ ಹಾದುಹೋಯಿತು. ಸರಕಿನ ಜೊತೆ ನಾಟಕ ಕಂಪನಿಗಳೂ ರೈಲು ಹತ್ತಿದವು. ಕಂಪನಿ ನಾಟಕಗಳಲ್ಲಿ ರಂಗದ ಮುಂದೆ ಕೂತು ಕಾಲಿನಿಂದ ತುಳಿದು ನುಡಿಸುವ ಲೆಗ್ ಹಾರ್ಮೋನಿಯಂ ಇತ್ತು. ಭಜನೆಗೂ ಬಯಲಾಟಕ್ಕೂ ಕೈಪೇಟಿ ಇತ್ತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಅವರ ಬಳಿಕ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಅಲ್ಲಿ ಕಲಿತವರು ಊರೂರಿಗೆ ಹೋಗಿ ಸಂಗೀತದ ಮಾಸ್ತರರಾದರು. ತಂಬೂರಿ ಕೊಳ್ಳಲಾಗದ, ಸಾರಂಗಿ ನುಡಿಸುವವರು ಸಿಗದ ಹಳ್ಳಿಗೆ ಒಂದು ಪೇಟಿ ಸಾಕಾಯಿತು. ನಮ್ಮ ಭಾಗದಲ್ಲಿ ಎಷ್ಟೋ ಮಂದಿ ‘ಸರಿಗಮ’ ಎಂದು ಬಾಯಿ ತೆರೆದದ್ದು ಪೇಟಿಯ ಎದುರಿಗೇ.

ಈಗ ಪೇಟಿಯ ಮುಚ್ಚಳ ತೆಗೆದು ಒಳಗೆ ನೋಡೋಣ. ಬೆಲೆಯ ಗುಟ್ಟು ಇರುವುದು ಅಲ್ಲಿ. ಹಿಂದೆ ಕಮ್ಮಾರನ ತಿದಿಯಂಥದೇ ಒಂದು ತಿದಿ. ಅದು ಒತ್ತಿದ ಗಾಳಿ ಒಳಗಿನ ಇನ್ನೊಂದು ತಿದಿಯಲ್ಲಿ ಶೇಖರವಾಗಿ, ಸ್ಪ್ರಿಂಗಿನ ಒತ್ತಡದಲ್ಲಿ ಒಂದೇ ಸಮನೆ ಹೊರಬರುತ್ತದೆ. ನೀವು ಒಂದು ಮನೆಯನ್ನು ಒತ್ತಿದಾಗ ಒಂದು ತೂತು ತೆರೆಯುತ್ತದೆ. ಅದರ ಕೆಳಗೆ ಹಿತ್ತಾಳೆಯ ಪಟ್ಟಿ, ಪಟ್ಟಿಯಲ್ಲಿ ಸೀಳು, ಸೀಳಿನ ಮೇಲೆ ಒಂದು ತುದಿ ಮಾತ್ರ ಬಿಗಿದ ತೆಳು ನಾಲಿಗೆ. ಗಾಳಿ ನುಗ್ಗಿದರೆ ಆ ನಾಲಿಗೆ ಸೀಳಿನೊಳಗೆ ಹೋಗಿ ಬಂದು ಆಡುತ್ತದೆ. ಇದೇ ರೀಡು. ಸೆಕೆಂಡಿಗೆ 440 ಸಲ ಆಡಿದರೆ ಒಂದು ಸ್ವರ, 220 ಸಲ ಆಡಿದರೆ ಅದರ ಕೆಳಗಿನ ಸಪ್ತಕದ ಅದೇ ಸ್ವರ.

ಮೂರೂವರೆ ಸಪ್ತಕದ ಪೇಟಿಯಲ್ಲಿ 42 ಮನೆಗಳು. ಒಂದೊಂದು ಮನೆಗೆ ಎರಡು ರೀಡು ಇದ್ದರೆ 84, ಮೂರಿದ್ದರೆ 126 ರೀಡುಗಳು. ಒಂದೊಂದನ್ನೂ ಅರದಿಂದ ಉಜ್ಜಿಯೇ ಶ್ರುತಿ ಮಾಡಬೇಕು. ನಾಲಿಗೆಯ ತುದಿಯಲ್ಲಿ ಕೊಂಚ ಉಜ್ಜಿದರೆ ತುದಿ ಹಗುರಾಗಿ ಸ್ವರ ಏರುತ್ತದೆ. ಬುಡದಲ್ಲಿ ಉಜ್ಜಿದರೆ ಬಿಗಿ ಸಡಿಲಾಗಿ ಸ್ವರ ಇಳಿಯುತ್ತದೆ. ಹೆಚ್ಚು ಉಜ್ಜಿದರೆ ಕೆಟ್ಟಿತು. ಇದು ಅಕ್ಕಸಾಲಿಗನ ತಾಳ್ಮೆ ಬೇಡುವ ಕೆಲಸ. 84 ರೀಡಿಗೆ ಎರಡು ತಾಸು ಕೊಟ್ಟ ಪೇಟಿಗೂ ಎರಡು ದಿನ ಕೊಟ್ಟ ಪೇಟಿಗೂ ಹೊರಗಿನಿಂದ ಏನೂ ವ್ಯತ್ಯಾಸ ಕಾಣುವುದಿಲ್ಲ. ಕಿವಿಗೆ ಕೇಳುತ್ತದೆ, ಬೆಲೆಯಲ್ಲಿ ಕಾಣುತ್ತದೆ.

ಇನ್ನು ಜರ್ಮನ್ ರೀಡಿನ ಮಹಿಮೆ. ಹಿಂದೆ ನಮ್ಮ ಪೇಟಿ ತಯಾರಕರು ರೀಡುಗಳನ್ನು ಜರ್ಮನಿಯಿಂದಲೂ ಫ್ರಾನ್ಸಿನಿಂದಲೂ ತರಿಸುತ್ತಿದ್ದರು. ಅವುಗಳ ನಾಲಿಗೆಗೂ ಸೀಳಿನ ಅಂಚಿಗೂ ನಡುವಿನ ಸಂದು ಬಹಳ ಕಿರಿದು, ಎಲ್ಲ ರೀಡುಗಳಲ್ಲೂ ಒಂದೇ ಸಮ. ಸಂದು ಕಿರಿದಾದರೆ ಗಾಳಿ ಸೋರುವುದಿಲ್ಲ. ಮೆಲ್ಲಗೆ ಒತ್ತಿದರೂ ಸ್ವರ ತಕ್ಷಣ ಏಳುತ್ತದೆ. ಸಂದು ದೊಡ್ಡದಾದರೆ ನಾಲಿಗೆ ತಡವಾಗಿ ಮಾತಾಡುತ್ತದೆ, ತಿದಿಯನ್ನು ಜೋರಾಗಿ ಒತ್ತಬೇಕಾಗುತ್ತದೆ, ಹಾಡುವವರು ದನಿ ತಗ್ಗಿಸಿದಾಗ ಪೇಟಿ ತಗ್ಗುವುದಿಲ್ಲ. ಜರ್ಮನಿಯ ಹೆಸರಿನ ಹಿಂದಿರುವ ನಿಜವಾದ ಗುಣ ಇದು.

ಎರಡು ಮಹಾಯುದ್ಧಗಳ ಕಾಲದಲ್ಲಿ ಜರ್ಮನಿಯ ಮಾಲು ಬರುವುದು ನಿಂತಿತು. ಆ ಕೊರತೆಯನ್ನು ನಮ್ಮವರೇ ತುಂಬಬೇಕಾಯಿತು. ಗುಜರಾತಿನ ಭಾವನಗರದ ಬಳಿ ಪಾಲಿಟಾಣ ಎಂಬ ಊರಿದೆ. ಶತ್ರುಂಜಯ ಬೆಟ್ಟದ ಜೈನ ಬಸದಿಗಳಿಂದಾಗಿ ಹೆಸರಾದ ಕ್ಷೇತ್ರ. ಅಲ್ಲಿನ ಕುಶಲಕರ್ಮಿಗಳು ಕೈಯಿಂದಲೇ ರೀಡು ಕಡಿದು, ಕೂಡಿಸಿ, ದೇಶಕ್ಕೆಲ್ಲ ಕಳಿಸಿದರು. ಒಳ್ಳೆಯ ಪಾಲಿಟಾಣ ರೀಡಿನ ದನಿ ತುಂಬು ದನಿ. ಗಾಯನದ ಸಾಥಿಗೆ ಅದೇ ಬೇಕು ಎನ್ನುವವರು ಬಹಳ. ದಿಲ್ಲಿ ರೀಡು ಎಂದು ಕರೆಯುವುದು ಸಾಮಾನ್ಯವಾಗಿ ಯಂತ್ರದಲ್ಲಿ ರಾಶಿಗಟ್ಟಲೆ ತಯಾರಾಗುವ ಅಗ್ಗದ ರೀಡು. ಅದರಲ್ಲೂ ಸುಮಾರಾದದ್ದು ಉಂಟು, ತೀರ ಕಳಪೆಯೂ ಉಂಟು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನಿಜವಾದ ಜರ್ಮನ್ ರೀಡುಗಳು ಇಂದು ಸಿಗುವುದು ಹೆಚ್ಚಾಗಿ ಹಳೆಯ ಪೇಟಿಗಳಿಂದ ಬಿಚ್ಚಿ ತೆಗೆದವು. ಹೊಸ ಪೇಟಿಯ ಮೇಲೆ ‘ಜರ್ಮನ್’ ಎಂಬ ಚೀಟಿ ಕಂಡರೆ ಸುಮ್ಮನೆ ನಂಬಬೇಡಿ, ಸುಮ್ಮನೆ ಜಗಳಕ್ಕೂ ನಿಲ್ಲಬೇಡಿ. ಮುಚ್ಚಳ ತೆಗೆಸಿ ನೋಡಿ. ಊರಿನ ಹೆಸರಿಗೆ ದುಡ್ಡು ಕೊಡಬೇಡಿ, ಸಂದಿನ ಕಿರಿದುತನಕ್ಕೆ ಕೊಡಿ. ಒಳ್ಳೆಯ ಕೆಲಸದ ಪಾಲಿಟಾಣ ರೀಡು ಎಷ್ಟೋ ಸಲ ದಣಿದ ಜರ್ಮನ್ ರೀಡಿಗಿಂತ ಮೇಲು.

ದುಬಾರಿಯಾದದ್ದೆಲ್ಲ ನಮಗೆ ಉಪಯೋಗದ್ದು ಎಂದೂ ಇಲ್ಲ. ಸ್ಕೇಲ್ ಚೇಂಜರ್ ಎಂಬ ಪೇಟಿ ನೋಡಿರುತ್ತೀರಿ. ಅದರಲ್ಲಿ ಮನೆಗಳ ಸಾಲೇ ಎಡಕ್ಕೆ ಬಲಕ್ಕೆ ಸರಿಯುತ್ತದೆ. ಹಾಡುವವರು ಕರಿ ಎರಡರವರಿರಲಿ, ಬಿಳಿ ನಾಲ್ಕರವರಿರಲಿ, ನುಡಿಸುವವರು ರೂಢಿಯ ಬೆರಳನ್ನೇ ಇಟ್ಟುಕೊಳ್ಳಬಹುದು. ದಿನಕ್ಕೊಬ್ಬ ಗಾಯಕರಿಗೆ ಸಾಥ್ ಕೊಡುವವರಿಗೆ ಇದು ವರವೇ ಸರಿ. ಆದರೆ ಅದು ಭಾರ, ಒಳಗಿನ ಯಂತ್ರ ಸೂಕ್ಷ್ಮ. ಟಂಟಂನಲ್ಲಿ ಕುಲುಕಾಡುತ್ತ ಊರಿಂದೂರಿಗೆ ಹೋಗುವ ಭಜನಾ ಮಂಡಳಿಯ ಪೇಟಿಗೆ ಅದೊಂದು ಕಾಟ. ಹಾಗೆಯೇ ಮುಂಭಾಗದ ಸ್ಟಾಪರ್ ಗುಂಡಿಗಳನ್ನು ಎಣಿಸಿ ಬೆಲೆ ಕಟ್ಟಬೇಡಿ. ಹೊಳೆಯುವ ಪಾಲಿಶಿಗೂ ಸ್ವರಕ್ಕೂ ಸಂಬಂಧ ಕಡಿಮೆ.

ಎಷ್ಟೇ ದುಡ್ಡು ಸುರಿದರೂ ನೀಗದ ದೋಷ ಕೂಡ ಪೇಟಿಯಲ್ಲಿದೆ ಎಂಬುದನ್ನು ಮುಚ್ಚಿಡಬಾರದು. ಯಾವ ಮನೆಯನ್ನು ಬೇಕಾದರೂ ಷಡ್ಜ ಮಾಡಿಕೊಳ್ಳಲೆಂದು ಪೇಟಿಯಲ್ಲಿ ಸಪ್ತಕವನ್ನು 12 ಸಮಭಾಗ ಮಾಡಿದ್ದಾರೆ. ಒಂದೊಂದು ಭಾಗವನ್ನು ಮತ್ತೆ ನೂರು ಪಾಲು ಮಾಡಿದರೆ, ಷಡ್ಜದಿಂದ ಶುದ್ಧ ಗಾಂಧಾರ ಪೇಟಿಯಲ್ಲಿ 400 ಪಾಲಿನ ದೂರದಲ್ಲಿದೆ. ತಂಬೂರಿಯ ತಂತಿಯಲ್ಲಿ ತಾನಾಗಿ ಕೇಳಿಬರುವ ಗಾಂಧಾರ ಸುಮಾರು 386ರಲ್ಲಿದೆ. ಹದಿನಾಲ್ಕು ಪಾಲು ಏರಿದ ಗಾಂಧಾರ ನುರಿತ ಕಿವಿಗೆ ಚುಚ್ಚುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅಂತೂ ಪೇಟಿಯಿಂದ ಆಗದ ಮಾತು. ರವೀಂದ್ರನಾಥ ಠಾಕೂರರಂಥವರು ಪೇಟಿಯನ್ನು ವಿರೋಧಿಸಿದ್ದು ಈ ಬಗೆಯ ಕಾರಣಗಳಿಗೆ. ಆಕಾಶವಾಣಿ 1940ರ ಮಾರ್ಚ್ 1ರಿಂದ ಅದನ್ನು ಹೊರಗಿಟ್ಟಿತು. ಧಾರವಾಡದ ನಿಲಯ ಆರಂಭವಾದದ್ದು 1950ರಲ್ಲಿ. ಊರಿಗೆಲ್ಲ ಬೇಕಾದ ಪೇಟಿಗೆ ಅಲ್ಲೂ ಬಾಗಿಲು ಮುಚ್ಚಿತ್ತು. ನಿಷೇಧ ಸಡಿಲವಾದದ್ದು 1971ರಲ್ಲಿ.

ಆ ಮೂವತ್ತು ವರ್ಷಗಳಲ್ಲಿ ಪೇಟಿ ಸಾಯಲಿಲ್ಲ. ಮಠದಲ್ಲಿ, ನಾಟಕದ ಟೆಂಟಿನಲ್ಲಿ, ಗಾಯನದ ಬೈಠಕ್ಕಿನಲ್ಲಿ ಬದುಕಿತು. ಕಾಗವಾಡದಲ್ಲಿ 1917ರಲ್ಲಿ ಹುಟ್ಟಿ ಬೆಳಗಾವಿಯಲ್ಲಿ ನೆಲೆಸಿದ ಪಂಡಿತ ರಾಮಭಾವು ಬಿಜಾಪುರೆಯವರು ಪೇಟಿಯ ಮಿತಿಯನ್ನು ಅರಿತೇ ನುಡಿಸಿ, ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ಕೊಟ್ಟರು. ಎಲ್ಲಿ ಸ್ವರ ಹಿಡಿಯಬೇಕು, ಎಲ್ಲಿ ಬೆರಳೆತ್ತಿ ಸುಮ್ಮನಿರಬೇಕು ಎಂಬುದು ಸಾಥಿಯ ವಿದ್ಯೆ. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಒಬ್ಬನೇ ಗಾಯಕನ ಷಡ್ಜಕ್ಕೆ ಹೊಂದಿಸಿ ಗಾಂಧಾರವನ್ನು ಇಳಿಸಿ ಶ್ರುತಿ ಮಾಡಿಸಿಕೊಳ್ಳುವವರೂ ಇದ್ದಾರೆ. ಇದಕ್ಕೆ ಬೇಕಾದದ್ದು ಬಲ್ಲ ಕೈಯೊಂದು, ಅರವೊಂದು; ಲಕ್ಷ ರೂಪಾಯಿಯ ಪೇಟಿ ಬೇಕಿಲ್ಲ.

ಇಂದಿನ ಅಗ್ಗದ ಆಮದು ಮಾಲು ನಮಗೆಲ್ಲ ಗೊತ್ತಿರುವ ಕೀಬೋರ್ಡು. ಜಪಾನಿನ ಕ್ಯಾಸಿಯೊ ಕಂಪನಿ 1980ರಲ್ಲಿ ಮೊದಲ ಕೀಬೋರ್ಡನ್ನು ಮಾರುಕಟ್ಟೆಗೆ ಬಿಟ್ಟಿತು. ನಮ್ಮ ರಸಮಂಜರಿಗಳಲ್ಲಿ ಯಾವ ಕಂಪನಿಯದಾದರೂ ಅದರ ಹೆಸರು ಕ್ಯಾಸಿಯೊ ಎಂದೇ. ಅದನ್ನು ಹಳಿಯಲು ನಾನು ಬಂದಿಲ್ಲ. ಗುಂಡಿ ಒತ್ತಿದರೆ ಶ್ರುತಿ ಬದಲಾಗುತ್ತದೆ, ನೂರು ವಾದ್ಯಗಳ ದನಿ ಬರುತ್ತದೆ, ಅಗ್ಗದ ಪೇಟಿಯ ಬೆಲೆಗೇ ಸಿಗುತ್ತದೆ. ಆದರೆ ಅದಕ್ಕೆ ಉಸಿರಿಲ್ಲ. ಎಡಗೈಯಲ್ಲಿ ತಿದಿಯನ್ನು ಹಿಡಿದು ಬಿಟ್ಟು ಸ್ವರವನ್ನು ತೂಗುವ ಕೆಲಸ ಅದರಲ್ಲಿ ಆಗುವುದಿಲ್ಲ. ಒಳಗಿನ ಸರ್ಕಿಟ್ಟು ಸುಟ್ಟರೆ ಹೆಚ್ಚಿನಂಶ ಮೂಲೆಗೆ ಸೇರಿದಂತೆಯೇ. ಪೇಟಿಯಾದರೆ ಚರ್ಮ ಹರಿದರೆ ಚರ್ಮ, ರೀಡು ಸತ್ತರೆ ರೀಡು, ತಿದಿ ಸೋತರೆ ತಿದಿ ಎಂದು ಬದಲಿಸುತ್ತ ಅಜ್ಜನಿಂದ ಮೊಮ್ಮಗನಿಗೆ ಸಾಗುತ್ತದೆ.

ಹಾಗಾದರೆ ಅಂಗಡಿಯಲ್ಲಿ ನೋಡಬೇಕಾದದ್ದೇನು? ತಿದಿಯನ್ನು ತುಂಬ ಒತ್ತಿ ಕೈಬಿಡಿ, ಯಾವ ಮನೆಯನ್ನೂ ಮುಟ್ಟಬೇಡಿ. ಒಳಗಿನ ಗಾಳಿ ಹೊತ್ತು ನಿಲ್ಲಬೇಕು. ಬೇಗ ಇಳಿದರೆ ಎಲ್ಲೋ ಸೋರುತ್ತಿದೆ. ಆಮೇಲೆ ಬಹಳ ಮೆಲ್ಲಗೆ ಗಾಳಿ ಕೊಟ್ಟು ಕೆಳಗಿನಿಂದ ಮೇಲಿನವರೆಗೆ ಒಂದೊಂದೇ ಮನೆ ಒತ್ತಿ. ತಡವರಿಸುವ ನಾಲಿಗೆ ಯಾವುದು ಎಂದು ಅದೇ ಹೇಳುತ್ತದೆ. ಬಳಿಕ ಷಡ್ಜವನ್ನೂ ತಾರ ಷಡ್ಜವನ್ನೂ ಕೂಡಿಸಿ ಹಿಡಿಯಿರಿ. ಎರಡೂ ಬೆರೆತು ಒಂದೇ ಗೆರೆಯಂತೆ ನಿಲ್ಲಬೇಕು. ವಾವ್ ವಾವ್ ಎಂದು ಅಲೆ ಎದ್ದರೆ ಶ್ರುತಿ ಕೂಡಿಲ್ಲ. ಒಂದು ರೀಡು ಸೆಕೆಂಡಿಗೆ 440 ಸಲ, ಜೊತೆಯದು 442 ಸಲ ಆಡಿದರೆ ಸೆಕೆಂಡಿಗೆ ಎರಡು ಅಲೆ ಏಳುತ್ತವೆ. ಇದನ್ನು ಹಿಡಿಯಲು ಯಂತ್ರ ಬೇಡ, ಕಿವಿ ಸಾಕು. ಕೊನೆಗೆ, ಇದನ್ನು ಶ್ರುತಿ ಮಾಡುವವರು ಯಾರು, ಎಲ್ಲಿದ್ದಾರೆ ಎಂದು ಕೇಳಿ.

ಕೊನೆಯ ಪ್ರಶ್ನೆಯೇ ಮುಖ್ಯವಾದದ್ದು. ನಮ್ಮ ತಾಲೂಕುಗಳ ಹವೆ ಪೇಟಿಗೆ ಹಿತವಾದುದಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಒಣ ಬೇಸಗೆಯಲ್ಲಿ ಮರ ಕುಗ್ಗಿ ಹಲಗೆಗಳ ಸಂದು ಬಿಡುತ್ತದೆ. ಗಂಗಾವತಿಯ ಭತ್ತದ ಸೀಮೆಯಲ್ಲಿ ಮಳೆಗಾಲದ ತೇವಕ್ಕೆ ಮರ ಉಬ್ಬಿ ಮನೆಗಳು ಹಿಡಿಯುತ್ತವೆ. ಧೂಳಿನ ಒಂದು ಕಣ ಸೀಳಿನಲ್ಲಿ ಕೂತರೆ ರೀಡು ಮೂಕ. ತಿದಿಯ ಚರ್ಮಕ್ಕೆ ಇಲಿಯ ಕಾಟ ಬೇರೆ. ಹತ್ತು ಸಾವಿರದ ಪೇಟಿಗೂ ಲಕ್ಷದ ಪೇಟಿಗೂ ಈ ಕಷ್ಟ ತಪ್ಪಿದ್ದಲ್ಲ. ದುರಸ್ತಿಯಿಲ್ಲದೆ ಅಟ್ಟ ಸೇರಿದ ದುಬಾರಿ ಪೇಟಿಗಿಂತ, ವರ್ಷಕ್ಕೊಮ್ಮೆ ಬಲ್ಲವರ ಕೈಗೆ ಹೋಗಿಬರುವ ನಡುವಿನ ದರ್ಜೆಯ ಪೇಟಿ ಲೇಸು. ಮಂಡಳಿಯ ಹತ್ತಿರ ಇಪ್ಪತ್ತು ಸಾವಿರ ಇದ್ದರೆ ಅಷ್ಟನ್ನೂ ಪೇಟಿಗೆ ಸುರಿಯಬೇಡಿ. ಹದಿನಾರು ಪೇಟಿಗೆ ಇರಲಿ, ನಾಲ್ಕು ಶ್ರುತಿ ಮಾಡುವವರಿಗೆ ಇರಲಿ ಎಂಬುದು ನನ್ನ ಸಲಹೆ.

ಈ ಮಾತು ಅರ್ಥವಾಗಲು ನಾವು ಜರ್ಮನಿಗೂ ಅಮೆರಿಕಕ್ಕೂ ಹೋಗಬೇಕಾಗಿಲ್ಲ. ಪಕ್ಕದ ಕಿನ್ನಾಳಕ್ಕೆ ಹೋದರೆ ಸಾಕು. ಅಲ್ಲಿನ ಗೊಂಬೆಗೆ ಹಗುರ ಮರದ ತುಂಡುಗಳನ್ನು ಕೂಡಿಸುತ್ತಾರೆ, ಹುಣಸೆಬೀಜದ ಅಂಟು ಬಳಸುತ್ತಾರೆ, ಮರದ ಹೊಟ್ಟು ಬೆರೆತ ಲೇಪ ಬಳಿಯುತ್ತಾರೆ, ಬಿಳಿಯ ತಳಬಣ್ಣ ಹಚ್ಚುತ್ತಾರೆ. ಕೊಳ್ಳುವವರ ಕಣ್ಣಿಗೆ ಬೀಳುವುದು ಕೊನೆಯ ಬಣ್ಣ ಮಾತ್ರ. ಪಕ್ಕದಲ್ಲಿ ಹೊರದೇಶದ ಪ್ಲಾಸ್ಟಿಕ್ ಗೊಂಬೆ ಅದೇ ಬಣ್ಣದಲ್ಲಿ ಅಗ್ಗಕ್ಕೆ ಸಿಕ್ಕರೆ, ಕಿನ್ನಾಳದ್ದು ಯಾಕೆ ಇಷ್ಟು ದುಬಾರಿ ಎನ್ನುತ್ತೇವೆ. ಬಣ್ಣದ ಕೆಳಗೆ ಅಡಗಿರುವ ದಿನಗಳ ಲೆಕ್ಕ ನಮಗೆ ತಿಳಿಯದು. ತಿಳಿಯದಾಗ ಬೆಲೆ ಕಡಿಮೆ ಮಾಡಿಸುತ್ತೇವೆ. ಬೆಲೆ ಸಿಗದಾಗ ಮಾಡುವವರ ಮಕ್ಕಳು ಬೇರೆ ದಾರಿ ಹಿಡಿಯುತ್ತಾರೆ. ಪೇಟಿ ದುರಸ್ತಿಯವರ ಬಾಳೂ ಇದಕ್ಕಿಂತ ಬೇರೆಯಲ್ಲ. ನೂರು ರೂಪಾಯಿಗೆ ಚೌಕಾಸಿ ಮಾಡಿ ಅವರನ್ನು ಕಳಿಸಿದರೆ, ಮುಂದಿನ ಸಲ ಪೇಟಿ ಹೊತ್ತುಕೊಂಡು ಹುಬ್ಬಳ್ಳಿಗೋ ಮೀರಜಿಗೋ ನಾವೇ ಹೋಗಬೇಕು. ಆ ಖರ್ಚನ್ನೂ ಅಗ್ಗದ ಪೇಟಿಯ ಬೆಲೆಗೆ ಕೂಡಿಸಿ ನೋಡಿ.

ಇಲ್ಲಿ ಸಂಗೀತ ಕಲಿಯುತ್ತಿರುವ ಹುಡುಗ ಹುಡುಗಿಯರು ಕೂತಿದ್ದೀರಿ. ನಿಮ್ಮಲ್ಲಿ ಎಲ್ಲರೂ ದೊಡ್ಡ ಗಾಯಕರಾಗಲಿ ಎಂದು ಹಾರೈಸುತ್ತೇನೆ. ಆದರೆ ತಾಲೂಕಿಗೆ ಇಬ್ಬರಾದರೂ ಅರ ಹಿಡಿಯುವುದನ್ನೂ ಕಲಿಯಿರಿ. ಶ್ರುತಿ ಕೂಡುವುದನ್ನು ಬಲ್ಲ ಕಿವಿ ನಿಮಗೆ ಆಗಲೇ ಇದೆ. ಉಳಿದದ್ದು ಕೈಯ ರೂಢಿ. ಭಜನಾ ಮಂಡಳಿಗಳ ಹಿರಿಯರಲ್ಲಿ ನನ್ನ ಬಿನ್ನಹ ಒಂದೇ: ಈ ಶ್ರಾವಣಕ್ಕೆ ಮೊದಲು ನಿಮ್ಮ ಪೇಟಿಯ ಮುಚ್ಚಳ ತೆಗೆಸಿ, ಧೂಳು ಹೊಡೆಸಿ, ಶ್ರುತಿ ಮಾಡಿಸಿ. ಆ ಕೆಲಸ ಮಾಡಿದವರಿಗೆ ಕೇಳಿದಷ್ಟು ಕೂಲಿ ಕೊಟ್ಟು, ಒಂದು ಹೊತ್ತು ಊಟ ಹಾಕಿ ಕಳಿಸಿ. ಹೊಸ ಪೇಟಿ ಬೇಕೋ ಬೇಡವೋ ಎಂಬುದನ್ನು ಆಮೇಲೆ ಕೂತು ಯೋಚಿಸಿದರಾಯಿತು.